ಹಾಳೆ ಸದ್ದು ಮಾಡುವ ಕಾಲ

ಹಸ್ತಾ ಮಳೆ ಒಂದು ದಾಟಿತು ಅಂದರೆ ನಮ್ಮ ಸಾಗರದ ಕಡೆ ಗಾಳಿಯ ವಾಸನೆಯೇ ಬೇರೆಯಾಗುತ್ತೆ, ಅಲ್ವಾ? ಚಿತ್ತಾ ಮಳೆ ಇನ್ನೂ ಬಾಕಿ ಇದೆ, ನಿಜ. ಅದು ವಿಚಿತ್ರದ ಮಳೆ, ಯಾವ ಗಳಿಗೆಯಲ್ಲಿ ಗುಡುಗಿಕೊಂಡು ಬರುತ್ತೋ ಹೇಳೋಕಾಗಲ್ಲ. ಆದರೂ ಜೂನ್‌ನಿಂದ ಹಿಡಿದಿದ್ದ ಜಡಿ ಬಿಟ್ಟಿತಲ್ಲ, ಅಷ್ಟು ಸಾಕು. ಬೆಳಿಗ್ಗೆ ಅಂಗಳದ ಹುಲ್ಲಿನ ಮೇಲೆ ಇಬ್ಬನಿ, ಹತ್ತು ಗಂಟೆಗೆಲ್ಲ ಚುರುಕ್ಕನೆ ಬಿಸಿಲು, ಸಂಜೆಯಾದರೆ ತೋಟದ ಕಡೆಯಿಂದ ತಣ್ಣನೆ ಗಾಳಿ. ಇಂಥ ದಿನ ಬಂದಾಗ ಒಬ್ಬೊಬ್ಬರಿಗೆ ಒಂದೊಂದು ನೆನಪಾಗುತ್ತೆ. ನಮ್ಮನೆಯವರಿಗೆ ಕೊಳೆರೋಗ ತಪ್ಪಿಸಿಕೊಂಡು ಮರದಲ್ಲಿ ಉಳಿದ ಅಡಿಕೆ ಕೊನೆ. ನನಗೆ ಮೆತ್ತಿನ ಮೇಲಿರೋ ಪುಸ್ತಕದ ಕಪಾಟು.

ಓದೋಕೆ ಮಳೆಗಾಲವೇ ಹೇಳಿ ಮಾಡಿಸಿದ ಕಾಲ ಅಂತ ಪೇಟೆಯವರು ಹೇಳೋದನ್ನ ಕೇಳಿದ್ದೀನಿ. ಅವರ ಮಳೆ ಸಂಜೆ ಬಂದು ರಾತ್ರಿ ಹೋಗೋ ಮಳೆ. ನಮ್ಮದು ಆಷಾಢ, ಶ್ರಾವಣ ಎರಡನ್ನೂ ನುಂಗಿಕೊಂಡು ಕೂರೋ ಮಳೆ. ಹಗಲಲ್ಲೇ ಕತ್ತಲೆ, ಎಲ್ಲೋ ಮರ ಬಿದ್ದು ತಂತಿ ಹರಿದರೆ ಕರೆಂಟು ಬರೋದು ಇವತ್ತೋ ನಾಳೆಯೋ. ಅದೂ ಹೋಗಲಿ, ಪುಸ್ತಕವೇ ಕೈಗೆ ಒಗ್ಗಲ್ಲ. ಕಾಗದ ಎಷ್ಟೆಂದರೂ ನಾರು ತಾನೇ, ಗಾಳಿಯಲ್ಲಿರೋ ತೇವವನ್ನೆಲ್ಲ ಹೀರಿಕೊಳ್ಳುತ್ತೆ. ರಟ್ಟು ಬಾಗುತ್ತೆ, ಪುಟ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತೆ, ತಿರುವಿದರೆ ಸದ್ದೇ ಬರಲ್ಲ. ನನಗೆ ಆ ಸದ್ದು ಬೇಕು ಕಣ್ರೀ. ಆಶ್ವೀಜದ ಬಿಸಿಲು ನಾಲ್ಕು ದಿನ ಬಿದ್ದ ಮೇಲೆ ಒಂದು ಬೆಳಿಗ್ಗೆ ಹಾಳೆ ತಿರುವಿದಾಗ 'ಸರ್' ಅಂತ ಸದ್ದು ಕೇಳುತ್ತಲ್ಲ, ನನ್ನ ಪಾಲಿಗೆ ಶರತ್ಕಾಲ ಶುರುವಾಗೋದು ಅವತ್ತು. ಪಂಚಾಂಗ ಎರಡು ದಿನ ಹಿಂದೆ ಮುಂದೆ ಹೇಳಿದರೂ ನಾನು ಕೇಳಲ್ಲ.

ಆಮೇಲೆ ನೋಡಿ, ಪುಸ್ತಕಗಳನ್ನ ಹೊರಗೆ ಹಾಕೋ ಸಂಭ್ರಮ. ನಮ್ಮಲ್ಲಿ ಅದಕ್ಕೆ ಹೇಳಿದಂಥ ಜಾಗವೂ ಇದೆ, ಅಡಿಕೆ ಒಣಗಿಸೋ ಅಟ್ಟ. ಕೊಯ್ಲು ಶುರುವಾಗೋವರೆಗೂ ಅದು ಖಾಲಿ. ತಟ್ಟಿ ಹಾಸಿ, ಮೇಲೊಂದು ಹಳೇ ಪಂಚೆ ಹಾಸಿ, ಪುಸ್ತಕ ಅರ್ಧ ಬಿಚ್ಚಿ ನಿಲ್ಲಿಸಿದರೆ ಆಯಿತು. ಮಧ್ಯಾಹ್ನದ ಖಡಕ್ ಬಿಸಿಲು ಮಾತ್ರ ಬೇಡ. ಅಗ್ಗದ ಕಾಗದದಲ್ಲಿ ಮರದ ಅಂಶ ಜಾಸ್ತಿ ಉಳಿದಿರುತ್ತೆ, ಬೆಳಕು ಬಿದ್ದಷ್ಟೂ ಅದು ಹಳದಿಯಾಗಿ ಪುಡಿಪುಡಿಯಾಗುತ್ತೆ. ಬೆಳಗಿನ ಎಳೆಬಿಸಿಲು ಒಂದಿಷ್ಟು, ಆಮೇಲೆ ಚಪ್ಪರದ ನೆರಳಲ್ಲಿ ಗಾಳಿ, ಇಷ್ಟೇ ಬೇಕಾದ್ದು. ಗಾಳಿಯ ತೇವ ಶೇ 65-70 ದಾಟಿತು ಅಂದರೆ ಬೂಷ್ಟು ಬೆಳೆಯೋಕೆ ಶುರು ಅಂತ ತಿಳಿದವರು ಹೇಳ್ತಾರೆ. ನಮ್ಮ ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ ಇರೋ ದಿನ ಯಾವುದಿದೆ ಹೇಳಿ. ಅದಕ್ಕೇ ರಟ್ಟಿನ ಮೇಲೆಲ್ಲ ಬೂದು ಬಣ್ಣದ ಪುಡಿ. ಅದನ್ನ ಒದ್ದೆ ಬಟ್ಟೆಯಲ್ಲಿ ಒರೆಸೋಕೆ ಹೋದರೆ ಕೆಟ್ಟಿತು, ಕಲೆ ಒಳಗೇ ಇಳಿದುಬಿಡುತ್ತೆ. ಚೆನ್ನಾಗಿ ಒಣಗಿದ ಮೇಲೆ, ಅಂಗಳದಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತು, ಮೆತ್ತನೆಯ ಬ್ರಷ್ಷಿನಲ್ಲಿ ಮೇಲಿಂದ ಕೆಳಗೆ ಸವರಬೇಕು.

ಆಗ ಓಡಿಹೋಗೋ ಬೆಳ್ಳಿಹುಳ ನೋಡಿದ್ದೀರಾ? ರೆಕ್ಕೆ ಇಲ್ಲ, ಕಚ್ಚಲ್ಲ, ಬೆಳಕು ಕಂಡರೆ ಆಗಲ್ಲ. ಭೂಮಿಯ ಮೇಲೆ ರೆಕ್ಕೆ ಇರೋ ಕೀಟಗಳೇ ಹುಟ್ಟೋ ಮೊದಲಿನ ವಂಶ ಅದರದ್ದು. ಅಂದರೆ ಪುಸ್ತಕ, ಓಲೆಗರಿ, ಕೊನೆಗೆ ಮನುಷ್ಯ ಕೂಡ ಬರೋಕೆ ಎಷ್ಟೋ ಕೋಟಿ ವರ್ಷ ಮೊದಲೇ ಅದು ಇತ್ತು. ಆಗ ಏನು ತಿಂದುಕೊಂಡಿತ್ತೋ! ಈಗಂತೂ ಬೈಂಡಿಂಗಿನ ಮೈದಾ ಅಂಟು ಅದಕ್ಕೆ ಪಂಚಪ್ರಾಣ. ತಿಂಗಳುಗಟ್ಟಲೆ ಉಪವಾಸ ಇದ್ದೂ ಬದುಕುತ್ತಂತೆ. ಹೊಡೆಯೋಕೆ ಕೈ ಎತ್ತುವಾಗ ಒಂದು ಗಳಿಗೆ ಗೌರವ ಬರುತ್ತೆ ನನಗೆ. ಆದರೆ 'ಮಲೆಗಳಲ್ಲಿ ಮದುಮಗಳು'ವಿನ ಬೆನ್ನು ತಿಂದದ್ದನ್ನ ಹೇಗೆ ಕ್ಷಮಿಸೋದು, ಹೇಳಿ. ಅದು ಅಪ್ಪ ಕೊಡಿಸಿದ ಪ್ರತಿ.

ಕಪಾಟಿನಲ್ಲಿ ಬೇವಿನಸೊಪ್ಪು ಇಡೋದು, ಬಜೆ ಬೇರನ್ನ ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಹಾಕೋದು ಎಲ್ಲ ನಮ್ಮ ಹಳಬರಿಂದ ಬಂದದ್ದು. ಕಾಗದ ಬರೋ ಮುಂಚೆ ಓಲೆಗರಿಗೂ ಇದೇ ಉಪಚಾರ. ಕೆಳದಿ ಇಲ್ಲೇ ತಾನೇ, ದೇವಸ್ಥಾನ ನೋಡಿಕೊಂಡು ಬರೋರು ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಹೋಗದೇ ವಾಪಸ್ಸಾಗಬಾರದು. ಗುಂಡಾ ಜೋಯಿಸರು ಊರೂರು ತಿರುಗಿ ಕೂಡಿಸಿದ ಓಲೆಗರಿ ಕಟ್ಟುಗಳಿವೆ ಅಲ್ಲಿ. ಕಬ್ಬಿಣದ ಕಂಠದಲ್ಲಿ ಗೀರಿ, ಮೇಲೆ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಮಾತ್ರ ಕಪ್ಪು ಉಳಿದು ಅಕ್ಷರ ಏಳುತ್ತೆ. ಗರಿ ಒಣಗಿ ಸೀಳಬಾರದು ಅಂತ ಮಜ್ಜಿಗೆಹುಲ್ಲಿನ ಜಾತಿಯ ಎಣ್ಣೆ ಸವರ್ತಾರೆ. ಕೆಳದಿಯ ಬಸವಪ್ಪ ನಾಯಕ 'ಶಿವತತ್ತ್ವ ರತ್ನಾಕರ' ಅಂತ ಅಷ್ಟು ದೊಡ್ಡ ವಿಶ್ವಕೋಶ ಬರೆದನಲ್ಲ, ಆ ರಾಜನ ಮನೆಯಲ್ಲೂ ಮಳೆಗಾಲ ಮುಗಿದ ಮೇಲೆ ಯಾರೋ ಒಬ್ಬರು ಗರಿಕಟ್ಟು ಬಿಚ್ಚಿ ಗಾಳಿಗೆ ಹಿಡಿದಿರಲೇಬೇಕು. ಮಳೆ ಇದೇ ಮಳೆ, ಹುಳ ಇದೇ ಹುಳ ತಾನೇ? ಹಳೇ ಲಿಪಿಕಾರರು ಕೊನೆಯ ಗರಿಯಲ್ಲಿ ಪುಸ್ತಕದ ಬಾಯಿಂದಲೇ ಒಂದು ಬೇಡಿಕೆ ಹೇಳಿಸ್ತಿದ್ದರು. ನೀರಿನಿಂದ ಕಾಪಾಡಿ, ಎಣ್ಣೆಯಿಂದ ಕಾಪಾಡಿ, ಕಟ್ಟು ಸಡಿಲ ಬಿಡಬೇಡಿ, ತಿಳಿಗೇಡಿಗಳ ಕೈಗೆ ಕೊಡಬೇಡಿ ಅಂತ. ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿ ಬರೆದವರ ಸಂಕಟ ಅದು. ಓದಿದಾಗಲೆಲ್ಲ ಆ ಕೈಗಳಿಗೆ ಎಣ್ಣೆ ಹಚ್ಚಿ ತಿಕ್ಕಬೇಕು ಅನ್ನಿಸುತ್ತೆ ನನಗೆ.

ಹೌದು, ಬಿಸಿಲಿಗೆ ಹಾಕೋ ಮಾತಲ್ವಾ ಬಂದಿದ್ದು. ಒಂದು ದಿನದ ಕೆಲಸ ವಾರ ಹಿಡಿಯೋದು ಪುಸ್ತಕದೊಳಗೆ ಸಿಗೋ ಸಾಮಾನಿನಿಂದ. ಒಂದರಲ್ಲಿ ನವಿಲುಗರಿ. ಮರಿ ಹಾಕುತ್ತೆ ಅಂತ ಇಟ್ಟಿದ್ದು. ಮಗಳಿಗೆ ಮದುವೆಯಾಯಿತು, ಗರಿ ಇನ್ನೂ ಒಂದೇ ಇದೆ. ಇನ್ನೊಂದರಲ್ಲಿ ವಿದ್ಯೆ ಸೊಪ್ಪು, ಮುಟ್ಟಿದರೆ ಉದುರುತ್ತೆ. ಅಶ್ವತ್ಥದ ಎಲೆ ಹಸಿರೆಲ್ಲ ಹೋಗಿ ಬಲೆ ಮಾತ್ರ ಉಳಿದಿದ್ದು. ಮೂಲೆಗೆ ಅರಿಸಿನ ಹಚ್ಚಿದ ಯಾರದೋ ಮದುವೆ ಕಾಗದ. ಸಾಗರ-ಶಿವಮೊಗ್ಗ ಬಸ್ಸಿನ ಟಿಕೇಟು, ಆ ಕಾಲದ ದರ ನೋಡಿದರೆ ನಂಬೋಕಾಗಲ್ಲ. ಮಂಡಿಯವರು ಅಡಿಕೆ ಧಾರಣೆ ಬರೆದು ಮಾವನವರಿಗೆ ಹಾಕಿದ ಪೋಸ್ಟ್‌ಕಾರ್ಡು. ಅದು 15 ಪೈಸೆ ಕಾರ್ಡು. ಈಗಲೂ ಕಾರ್ಡಿಗೆ 50 ಪೈಸೆಯೇ, ಗೊತ್ತಾ ನಿಮಗೆ? ನಮ್ಮ ಪೋಸ್ಟಾಫೀಸಿನಲ್ಲಿ ಕೇಳಿದರೆ ಮಾತ್ರ ತೆಗೆದುಕೊಡ್ತಾರೆ, ಕೇಳೋರೇ ಇಲ್ಲವಂತೆ. ಓದಿದ ಪುಸ್ತಕ ಯಾರಿಗಾದರೂ ಇಷ್ಟವಾಗಬಹುದು ಅನ್ನಿಸಿದರೆ ನಾನಿನ್ನೂ ಒಂದು ಕಾರ್ಡು ಗೀಚಿ ಹಾಕ್ತೀನಿ. ಫೋನಿನಲ್ಲಿ ಹೇಳಿದ್ದು ಕಿವಿಯಲ್ಲೇ ನಿಲ್ಲುತ್ತೆ. ಕಾರ್ಡು ಹೋಗಿ ಆ ಪುಸ್ತಕದೊಳಗೇ ಸೇರಿಕೊಳ್ಳುತ್ತೆ ನೋಡಿ.

ಈ ಸಲ ಎಂ.ಕೆ. ಇಂದಿರಾ ಅವರ 'ತುಂಗಭದ್ರ' ಬಿಚ್ಚಿದಾಗ ಒಂದು ಪುಟದ ನಡುವೆ ಕೇಸರಿ ಬಣ್ಣದ ಸಣ್ಣ ಗೆರೆ ಕಂಡಿತು, ಕಡ್ಡಿಯಲ್ಲಿ ಎಳೆದ ಹಾಗೆ. ಸ್ವಲ್ಪ ಹೊತ್ತು ನೋಡಿದ ಮೇಲೆ ಹೊಳೆಯಿತು, ಅದು ಪಾರಿಜಾತದ ತೊಟ್ಟು. ಬಿಳಿ ದಳ ಎಂದೋ ಪುಡಿಯಾಗಿ ಹೋಗಿದೆ, ತೊಟ್ಟಿನ ಬಣ್ಣ ಮಾತ್ರ ಕಾಗದಕ್ಕೆ ಹಿಡಿದುಕೊಂಡಿದೆ. ಹಿಂದಿನ ಕಾಲದಲ್ಲಿ ಬಟ್ಟೆಗೆ ಬಣ್ಣ ಹಾಕ್ತಿದ್ದದ್ದೂ ಅದೇ ತೊಟ್ಟಿನಿಂದಲೇ ತಾನೇ. ಅತ್ತೆಯವರ ಕೆಲಸ ಅದು, ಅನುಮಾನವೇ ಇಲ್ಲ. ಬೆಳಗಿನ ಜಾವ ಮರದಡಿ ಬಿದ್ದ ಹೂವು ಹೆಕ್ಕಿ ತರೋರು, ಒಲೆ ಮೇಲೆ ಹಾಲಿಟ್ಟು, ಅದು ಉಕ್ಕೋವರೆಗಿನ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತು ಎರಡು ಪುಟ ಓದೋರು. ಹಾಲು ಉಕ್ಕಿದರೆ ಕೈಗೆ ಸಿಕ್ಕ ಹೂವನ್ನೇ ಗುರುತಿಗೆ ಇಟ್ಟು ಏಳೋರು. ಇಡೀ ದಿನದಲ್ಲಿ ಅವರದ್ದು ಅಂತ ಇದ್ದ ಹೊತ್ತು ಅಷ್ಟೇ. ಅಷ್ಟರಲ್ಲೇ 'ತುಂಗಭದ್ರ' ಮುಗಿಸಿ, 'ಫಣಿಯಮ್ಮ' ಮುಗಿಸಿ, ತ್ರಿವೇಣಿಯವರ ಕಾದಂಬರಿಗಳನ್ನೆಲ್ಲ ಮುಗಿಸಿದ್ದರು. ಇಂದಿರಾ ಅವರೂ ಹಾಗೇ ಅಲ್ವಾ? ತೀರ್ಥಹಳ್ಳಿಯಲ್ಲಿ ಹುಟ್ಟಿ, ಸಂಸಾರ ಮಾಡಿಕೊಂಡಿದ್ದು, 45ರ ವಯಸ್ಸಿನ ಹೊತ್ತಿಗೆ ಕಾದಂಬರಿಗೆ ಕೈ ಹಾಕಿದರು. 1963ರಲ್ಲಿ ಬಂದ ಮೊದಲ ಕಾದಂಬರಿಯೇ ಇದು. ನಮ್ಮ ಹೆಂಗಸರು ಓದಿದ್ದಾಗಲಿ ಬರೆದದ್ದಾಗಲಿ ಹಾಲು ಉಕ್ಕೋದರೊಳಗಿನ ಹೊತ್ತಿನಲ್ಲಿ. ಆ ಪುಟವನ್ನ ನಾನು ಬಿಸಿಲಿಗೆ ಒಡ್ಡಲಿಲ್ಲ, ಬಣ್ಣ ಹೋದರೆ ಅಂತ ಹೆದರಿಕೆ.

ಇನ್ನು ನವರಾತ್ರಿ. ಪುಸ್ತಕ ಒಣಗಿ ಮನೆಯೊಳಗೆ ಬರೋ ಹೊತ್ತಿಗೆ ಸರಿಯಾಗಿ ಮೂಲಾ ನಕ್ಷತ್ರ ಬರುತ್ತೆ, ಶಾರದೆಯನ್ನ ಕೂರಿಸಬೇಕು. ಮಣೆ ಮೇಲೆ ಮಡಿ ವಸ್ತ್ರ, ಅದರ ಮೇಲೆ ಮನೆಯಲ್ಲಿರೋ ದೊಡ್ಡ ಪುಸ್ತಕ ಕೆಳಗೆ, ಸಣ್ಣದು ಮೇಲೆ. ನಮ್ಮನೆಯಲ್ಲಿ ಕುಮಾರವ್ಯಾಸ ಭಾರತ ಅಡಿಗೆ, ಮೊಮ್ಮಗಳ ಮಗ್ಗಿಪುಸ್ತಕ ತುದಿಗೆ. ಸೇವಂತಿಗೆ, ಗೊಂಡೆಹೂವು. ಒಮ್ಮೆ ಅಕ್ಷತೆ ಹಾಕಿದರೋ ಮುಗಿಯಿತು, ವಿಜಯದಶಮಿಯವರೆಗೆ ಓದೋ ಹಾಗಿಲ್ಲ, ಬರೆಯೋ ಹಾಗಿಲ್ಲ. ಮಕ್ಕಳಿಗೆ ಹಬ್ಬವೋ ಹಬ್ಬ. ಓದೋ ಚಟ ಇದ್ದವರ ಕಷ್ಟ ಮಾತ್ರ ಯಾರಿಗೆ ಹೇಳೋದು? ವರ್ಷವೆಲ್ಲ 'ಓದು ಓದು' ಅನ್ನೋ ಮನೆಯೇ ಆ ಮೂರು ದಿನ 'ಮುಟ್ಟಬೇಡ' ಅನ್ನುತ್ತಲ್ಲ!

ಚಿಕ್ಕವಳಿದ್ದಾಗ ಇದರ ಬಗ್ಗೆ ತವರುಮನೆಯಲ್ಲಿ ದೊಡ್ಡ ಚರ್ಚೆಯೇ ನಡೀತಿತ್ತು. ಪಂಚಾಂಗ ನೋಡಬಹುದೋ? ನೋಡಬಹುದು, ಪೂಜೆಗೆ ಬೇಕಲ್ಲ. ಪತ್ರಿಕೆ? ಅದು ಪೂಜೆಗೆ ಕೂತಿಲ್ಲ, ಹಾಗಾಗಿ ಅಡ್ಡಿಯಿಲ್ಲ ಅಂತ ಅಜ್ಜನ ತೀರ್ಪು. ಅಜ್ಜನಿಗೇ ಪತ್ರಿಕೆ ಇಲ್ಲದೆ ಕಾಫಿ ಇಳೀತಿರಲಿಲ್ಲ ಅನ್ನೋದು ನಮಗೆಲ್ಲ ಗೊತ್ತಿತ್ತು. ಆ ತೀರ್ಪಿನ ಎಳೆ ಹಿಡಿದು ನಾನು ಪೊಟ್ಟಣದ ಕಾಗದಕ್ಕೆ ಬಂದೆ. ಆಗೆಲ್ಲ ಅಂಗಡಿಯಲ್ಲಿ ಪ್ಲಾಸ್ಟಿಕ್ ಎಲ್ಲಿತ್ತು? ಸಾಸಿವೆ, ಮೆಣಸು, ಬೆಲ್ಲ, ಕಡಲೆ ಎಲ್ಲ ಹಳೇ ಪತ್ರಿಕೆಯಲ್ಲೋ ವಾರಪತ್ರಿಕೆಯ ಹಾಳೆಯಲ್ಲೋ ಕಟ್ಟಿ, ಬಿಳಿ ದಾರ ಸುತ್ತಿ ಕೊಡ್ತಿದ್ದರು. ಹಬ್ಬದ ಸಾಮಾನು ಬೇರೆ, ಪೊಟ್ಟಣಗಳ ರಾಶಿ. ಒಂದೊಂದನ್ನೂ ಡಬ್ಬಕ್ಕೆ ಸುರಿದು, ದಾರ ಬಿಚ್ಚಿ ಉಂಡೆ ಸುತ್ತಿಟ್ಟು, ಕಾಗದ ನೀವಿ ಓದೋದು. ಕಥೆ ನಡುವಿನಿಂದ ಶುರುವಾಗಿ ನಡುವಲ್ಲೇ ಹರಿದಿರುತ್ತೆ. ಧಾರಾವಾಹಿಯ ಯಾವುದೋ ಕಂತು, ನಾಯಕಿ ರೈಲು ಹತ್ತೋಕೆ ನಿಂತಿದ್ದಾಳೆ, ಅಷ್ಟರಲ್ಲಿ ಎಣ್ಣೆ ಕಲೆ. ಆ ಹುಡುಗಿ ರೈಲು ಹತ್ತಿದಳೋ ಇಲ್ಲವೋ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ನೋಡಿ. ರಾತ್ರಿ ಮಲಗಿಕೊಂಡು ಅವಳಿಗೆ ನಾನೇ ಒಂದೊಂದು ದಿನ ಒಂದೊಂದು ಊರು ಕೊಡ್ತಿದ್ದೆ. ಅರಸೀಕೆರೆ, ಹುಬ್ಬಳ್ಳಿ, ಒಂದು ದಿನ ಮುಂಬಯಿ. ಈಗಿನ ಮಕ್ಕಳಿಗೆ ಹಬ್ಬದ ಬೇಳೆ ಬರೋದು ಬಣ್ಣದ ಪ್ಯಾಕೆಟಿನಲ್ಲಿ. ಅದರ ಮೇಲೆ ಓದೋಕೆ ಇರೋದು ತೂಕ, ಬೆಲೆ.

ವಿಜಯದಶಮಿ ಬೆಳಿಗ್ಗೆ ಮರುಪೂಜೆ ಆಗಿ ಪುಸ್ತಕ ಕದಲಿಸಿದ ಕೂಡಲೇ ಒಬ್ಬೊಬ್ಬರೂ ಒಂದೊಂದು ತೆಗೆದುಕೊಂಡು ಗಟ್ಟಿಯಾಗಿ ನಾಲ್ಕು ಸಾಲು ಓದಬೇಕು, ಅದು ನಮ್ಮನೆ ಪದ್ಧತಿ. ಜಗುಲಿ ತುಂಬ ಗದ್ದಲ. ಒಬ್ಬರು ಭಾರತ, ಒಬ್ಬರು ಗಣಿತ, ನಮ್ಮನೆಯವರು ತೋಟಗಾರಿಕೆ ಕೈಪಿಡಿ. ಆ ದಿನ ಶೃಂಗೇರಿಯಲ್ಲಿ ಅಕ್ಷರಾಭ್ಯಾಸಕ್ಕೆ ಎಳೆ ಮಕ್ಕಳನ್ನ ಎತ್ತಿಕೊಂಡು ಸಾಲು ನಿಂತಿರೋರನ್ನ ನೋಡಬೇಕು ನೀವು. ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸಿದರೆ ಮಗು ಅಕ್ಕಿಯನ್ನೇ ಬಾಯಿಗೆ ಹಾಕಿಕೊಳ್ಳುತ್ತೆ. ಸರಿಯಾಗೇ ಇದೆ, ಓದಿನ ರುಚಿ ಅಲ್ಲಿಂದಲೇ ಹತ್ತಲಿ.

ಈ ಕಾಲದಲ್ಲಿ ಏನು ಓದ್ತೀರಿ ಅಂತ ಕೇಳ್ತೀರಾ? ನನಗೆ ಶರತ್ತು ಅಂದರೆ ನಾ. ಡಿಸೋಜ. ಅವರು ನಮ್ಮೂರಿನವರು ಅಂತ ಹೇಳ್ತಿಲ್ಲ, ನಮ್ಮೂರಿನವರೇ ಆದರೂ. ಅಕ್ಟೋಬರಿನಲ್ಲಿ ಲಿಂಗನಮಕ್ಕಿ ಎಷ್ಟು ಅಡಿ ತುಂಬಿತು ಅನ್ನೋದೇ ಎಲ್ಲರ ಬಾಯಲ್ಲಿರುತ್ತಲ್ಲ, 1819 ಅಡಿ ಆದರೆ ಪೂರ್ತಿ, ಆಗ ಹೊಳೆಬಾಗಿಲಿನ ಕಡೆ ಹೋಗಿ ನಿಂತರೆ ಕಣ್ಣು ಹಾಯಿಸಿದಷ್ಟೂ ನೀರು. ನೋಡೋಕೆ ಬಂದವರು ಫೋಟೋ ತೆಗೀತಾರೆ. ಆ ನೀರಿನಡಿ ಯಾರ ಗದ್ದೆ, ಯಾರ ಅಂಗಳ, ಯಾರ ದೇವಸ್ಥಾನ ಇದ್ದವು ಅಂತ ಗೊತ್ತಿಲ್ಲದವರಿಗೆ ಡಿಸೋಜ ಅವರ 'ದ್ವೀಪ' ಕೊಡಬೇಕು. ಸುತ್ತ ನೀರು ಏರ್ತಾ ಇರುವಾಗ ಗುಡ್ಡದ ಮೇಲೆ ಉಳಿದುಕೊಂಡ ಒಂದು ಮನೆಯ ಕಥೆ. ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದ ಮೇಲೆ ಹೆಸರು ಎಲ್ಲರಿಗೂ ಗೊತ್ತಾಯಿತು, ಆದರೆ ಪುಸ್ತಕ ಓದಿದವರು ಕಡಿಮೆ. ಮಕ್ಕಳಿಗಾದರೆ 'ಮುಳುಗಡೆಯ ಊರಿಗೆ ಬಂದವರು' ಇದೆಯಲ್ಲ. ಮಳೆಗಾಲದಲ್ಲಿ 'ದ್ವೀಪ' ಓದೋಕೆ ನನ್ನ ಕೈಲಾಗಲ್ಲ, ಎದೆ ಹಿಡಿದ ಹಾಗಾಗುತ್ತೆ. ಮಳೆ ನಿಂತು, ನೀರು ತುಂಬಿ, ಬಿಸಿಲು ಬಿದ್ದ ಮೇಲೆ ಓದಬೇಕು. ಮುಳುಗಡೆಯ ಸಂತ್ರಸ್ತರ ಜೊತೆಯಲ್ಲೇ ಬದುಕಿ ಬರೆದ ಮನುಷ್ಯ, 2025ರ ಜನವರಿಯಲ್ಲಿ ಹೋಗಿಬಿಟ್ಟರು. ಪೇಟೆಗೆ ಹೋದರೆ ಇಲ್ಲೇ ಎಲ್ಲೋ ಎದುರಾಗ್ತಾರೆ ಅನ್ನೋ ಹಾಗೇ ಇದೆ ನನಗಿನ್ನೂ.

ಶಾಲೆಯಲ್ಲಿ ಇಂಗ್ಲಿಷ್ ಪಾಠದಲ್ಲಿ ಶರತ್ಕಾಲ ಅಂದರೆ ಎಲೆ ಕೆಂಪಾಗಿ ಉದುರೋ ಕಾಲ ಅಂತಿತ್ತು. ಕಿಟಕಿಯಾಚೆ ನೋಡಿದರೆ ನಮ್ಮ ಕಾಡು ಅಷ್ಟೊಂದು ಹಸಿರಾಗಿ ವರ್ಷದಲ್ಲಿ ಇನ್ನೊಂದು ಸಲ ಇರಲ್ಲ! ನಮ್ಮಲ್ಲಿ ಎಲೆ ಉದುರೋದು ಮಾಘ, ಫಾಲ್ಗುಣದಲ್ಲಿ ತಾನೇ. ಕಾಳಿದಾಸನ 'ಋತುಸಂಹಾರ' ಕನ್ನಡದಲ್ಲಿ ಸಿಕ್ಕಿದಾಗ ಸಮಾಧಾನವಾಯಿತು. ಗ್ರೀಷ್ಮದಿಂದ ಎಣಿಸಿದರೆ ಮೂರನೆಯದು ಶರತ್ತು, ಅಲ್ಲಿ ಅವಳು ಬಿಳಿ ಹುಲ್ಲುಹೂವು ಉಟ್ಟ ಹೊಸ ಮದುವಣಗಿತ್ತಿ. ಗದ್ದೆ ಬದುವಿನಲ್ಲಿ ನಿಂತರೆ ಈಗಲೂ ಕಾಣ್ತಾಳೆ. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಹಚ್ಚಿ ಹಸೆ ಬರೆದು, ತೆನೆ ಕಟ್ಟಿದ ಗದ್ದೆಗೆ ಬಯಕೆಯೂಟ ಹಾಕಿ ಬರೋ ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಟೋಬರು ಅಂದರೆ ಹೆಗ್ಗೋಡಿನ ಸಂಸ್ಕೃತಿ ಶಿಬಿರದ ಕಾಲವೂ ಹೌದಲ್ಲ. ನೀನಾಸಮ್‌ಗೆ ಹೋಗೋರು ಸಾಗರದಲ್ಲಿ ಬಸ್ಸು ಹತ್ತಿದರೆ ಗುರುತು ಹಿಡಿಯಬಹುದು, ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಅರ್ಧ ಓದಿದ ಪುಸ್ತಕ. ಒಂದು ಸಲ ನನ್ನ ಪಕ್ಕ ಕೂತ ಹುಡುಗಿ ಕಲಬುರಗಿಯಿಂದ ಬಂದವಳು, ರಾತ್ರಿಯಿಡೀ ಪ್ರಯಾಣ ಮಾಡಿದ್ದಾಳೆ, ಕಣ್ಣು ಕೆಂಪು. ಆದರೂ ಪುಸ್ತಕ ಕೆಳಗಿಡಲ್ಲ. ಆ ನೀನಾಸಮ್ ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರೂ ಅಡಿಕೆ ಬೆಳೆಗಾರರೇ. 1949ರಲ್ಲಿ ಹಳ್ಳಿಯ ನಾಲ್ಕು ಜನ ಸೇರಿ ನಾಟಕಕ್ಕೆ ಅಂತ ಶುರುಮಾಡಿದ ಸಂಘ, ಆಮೇಲೆ ಅಕ್ಷರ ಪ್ರಕಾಶನ, ರಂಗಶಿಕ್ಷಣ, ತಿರುಗಾಟ ಅಂತ ಹರಡಿಕೊಂಡು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೇ ಮನೆ ಬಾಗಿಲಿಗೆ ಬಂತು. ತೋಟ ನೋಡಿಕೊಂಡೇ ಒಬ್ಬ ಮನುಷ್ಯ ಲೋಕದ ಪುಸ್ತಕವನ್ನೆಲ್ಲ ಹಳ್ಳಿಗೆ ತಂದ ಅನ್ನೋದು ನನಗೆ ಅತಿ ದೊಡ್ಡ ವಿಷಯ. ಗಳಗನಾಥರು ಹಿಂದೆ ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರಿದರಲ್ಲ, ಇದೂ ಅದೇ ದಾರಿ, ಅಲ್ವಾ?

ಹಳ್ಳಿ ಅಂದ ಕೂಡಲೇ ನೆನಪಾಯಿತು. ನಮ್ಮ ಪಂಚಾಯತಿ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಅಂತ ಬೋರ್ಡು ಬಂದಿದೆ, ಹೋಗಿದ್ದೀರಾ? ದಸರಾ ರಜೆಯಲ್ಲಿ ಒಮ್ಮೆ ಹೋಗಿ ನೋಡಿ. ಕೆಳಗಿನ ಕೇರಿಯ ಮಕ್ಕಳು ನೆಲದ ಮೇಲೆ ಬೋರಲು ಮಲಗಿ ಚಿತ್ರದ ಪುಸ್ತಕ ಓದ್ತಿರ್ತಾರೆ. 1965ರ ಗ್ರಂಥಾಲಯ ಕಾಯ್ದೆಯ ಮೇಲೆ ಮನೆ ಕಂದಾಯದಲ್ಲಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯದ ಕರ ಅಂತ ಇದೆ. ಜನ ಕಟ್ಟಿದ ಕರದ ದುಡ್ಡಿನ ಪುಸ್ತಕ, ಜನ ಓದಬೇಕು. ಓದದೇ ಬಿಟ್ಟರೆ ಅವೂ ಬೂಷ್ಟು ಹಿಡಿಯುತ್ತವೆ. ಅಲ್ಲಿನ ಮೇಲ್ವಿಚಾರಕಿ ಒಬ್ಬಳೇ ಎಷ್ಟು ಅಂತ ಬಿಸಿಲಿಗೆ ಹಾಕ್ತಾಳೆ ಹೇಳಿ. ನಾವು ನಾಲ್ಕು ಜನ ಹೋಗಿ ಕೈ ಜೋಡಿಸಿದರೆ ಒಂದು ಬೆಳಗಿನ ಕೆಲಸ. ಅವಳಿಗೆ ಬರ್ತೀನಿ ಅಂತ ಹೇಳಿಯಾಗಿದೆ, ನಿಮ್ಮ ಹೆಸರೂ ಸೇರಿಸಿದ್ದೀನಿ.

ದೀಪಾವಳಿ ಆಯಿತೋ, ಕೊನೆಕೊಯ್ಲು, ಅಡಿಕೆ ಸುಲಿತ. ಈಗ ಸುಲಿಯೋ ಯಂತ್ರ ಬಂದು ಆ ಸದ್ದಿನಲ್ಲಿ ಮಾತೂ ಕೇಳಲ್ಲ. ತವರುಮನೆಯಲ್ಲಿ ಆಗ ರಾತ್ರಿ ಗ್ಯಾಸ್‌ಲೈಟು ಹಚ್ಚಿ, ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರ್ತಿದ್ದರು. ಚಿಕ್ಕಪ್ಪನಿಗೆ ಸುಲಿಯೋದರಿಂದ ವಿನಾಯಿತಿ, ಯಾಕೆಂದರೆ ಅವನು ಓದಬೇಕು. ಒಂದು ವರ್ಷ ತ್ರಿವೇಣಿಯವರ 'ಶರಪಂಜರ' ಓದಿದ. ಸುಲಿಯೋರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ, ಕೈ ನಿಂತರೆ ದುಡ್ಡು ಹೋದಂತೆ. ಆದರೂ, ಗುಣವಾಗಿ ಮನೆಗೆ ಬಂದ ಕಾವೇರಿಯನ್ನ ಮನೆಯವರೇ ಅನುಮಾನದ ಕಣ್ಣಿನಿಂದ ನೋಡೋ ಭಾಗ ಬಂದಾಗ ಒಂದೊಂದಾಗಿ ಕತ್ತಿಗಳ ಸದ್ದು ನಿಂತೇ ಹೋಯಿತು. ಒಬ್ಬ ಹೆಂಗಸು, ಓದು ಬರಹ ಬಾರದವಳು, 'ಅವಳಿಗೇನೂ ಆಗಿಲ್ಲ, ಇವರೇ ಹುಚ್ಚು ಹಿಡಿಸ್ತಾರೆ' ಅಂದಳು. ಕಾದಂಬರಿ ಅಷ್ಟು ದೂರ ಇನ್ನೂ ಹೋಗಿರಲಿಲ್ಲ. ಮುಂದೆ ಆಗಿದ್ದೂ ಅದೇ ಅಲ್ವಾ? 'ಶರಪಂಜರ'ದ ಬಗ್ಗೆ ಆಮೇಲೆ ಎಷ್ಟೋ ವಿಮರ್ಶೆ ಓದಿದ್ದೀನಿ, ಅಷ್ಟು ನೇರಕ್ಕೆ ಹೇಳಿದವರು ಸಿಗಲಿಲ್ಲ. ಅಡಿಕೆ ಚೊಗರಿನಿಂದ ಕಪ್ಪಾದ ಬೆರಳಲ್ಲಿ ಅವಳು ಕಣ್ಣೊರೆಸಿಕೊಂಡಿದ್ದು ನೆನಪಿದೆ. ಒಬ್ಬರೇ ಕೂತು ಓದೋದು ಮಳೆಗಾಲಕ್ಕೆ ಸರಿ. ಶರತ್ತು ಬಂದರೆ ಪುಸ್ತಕ ಹೊರಗೆ ಬರಬೇಕು, ನಾಲ್ಕು ಜನರ ನಡುವೆ ಕೂರಬೇಕು, ಓದ್ತಾ ಇರುವಾಗ ಯಾರಾದರೂ ಬಾಯಿ ಹಾಕಬೇಕು. ಅದಕ್ಕೇ ನನಗೆ ಈ ಕಾಲದ ಮೇಲೆ ಇಷ್ಟು ಪ್ರೀತಿ.

ಬಾಯಿ ಹಾಕೋರು ಬೇಕು ಅಂತಲೇ ಒಂದು ವಿಷಯ ಕೇಳಬೇಕಿತ್ತು. ದೀಪಾವಳಿ ವಿಶೇಷಾಂಕಗಳು ಇನ್ನೇನು ಬರ್ತವೆ. ಮರಾಠಿಯವರು 1909ರಲ್ಲಿ 'ಮನೋರಂಜನ'ದಿಂದ ಶುರುಮಾಡಿದ ಚಂದದ ಪದ್ಧತಿ, ನಮ್ಮಲ್ಲೂ ಬೇರು ಬಿಟ್ಟಿದೆ, ಪುಣ್ಯ. ಎಲ್ಲವನ್ನೂ ಒಂದೇ ಮನೆಯವರು ಕೊಳ್ಳೋಕಾಗುತ್ತಾ? ನಾನು 'ಪ್ರಜಾವಾಣಿ'ಯದು ತರಿಸ್ತೀನಿ, ಕಥಾಸ್ಪರ್ಧೆಯ ಕಥೆಗಳನ್ನ ಬಿಡೋಕಾಗಲ್ಲ. ನೀವು 'ಉದಯವಾಣಿ'ಯದು ತರಿಸಿ. ಆಚೆಮನೆ ಅತ್ತಿಗೆ ಇನ್ನೊಂದು ತರಿಸ್ತಾರಂತೆ, ಮಾತಾಡಿಯಾಗಿದೆ. ತುಳಸಿ ಮದುವೆ ಹೊತ್ತಿಗೆ ಬದಲಾಯಿಸಿಕೊಳ್ಳೋಣ. ಪದಬಂಧ ಮಾತ್ರ ಪೆನ್ಸಿಲಿನಲ್ಲೇ ತುಂಬಿ, ಮುಂದಿನವರಿಗೂ ಬೇಕಲ್ಲ. ಇಷ್ಟವಾದ ಕಥೆಗೆ ಅಂಚಿನಲ್ಲಿ ಒಂದು ಗೀಟು ಎಳೆದಿಡಿ. ಯಾರ ಗೀಟು ಎಲ್ಲಿ ಬಿದ್ದಿದೆ ಅಂತ ನೋಡಿಕೊಂಡು ಆಮೇಲೆ ದಣಪೆ ಹತ್ತಿರ ನಿಂತು ಜಗಳ ಆಡೋಣ, ಆಗದಾ?